‘ಓಕೆ’ ಮೊದಲು ಅಚ್ಚಾದದ್ದು ಎಲ್ಲಿ? ಹಳೆಯ ಪತ್ರಿಕೆಗಳ ಒಂದು ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

‘ಓಕೆ’ ಹುಟ್ಟಿದ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಕಥೆಗಳು ಒಂದೆರಡಲ್ಲ. ಯುದ್ಧದಲ್ಲಿ ಯಾರೂ ಸಾಯದ ದಿನ ‘ಸೊನ್ನೆ ಕೆ’, ಅಂದರೆ ಸತ್ತವರು (ಕಿಲ್ಡ್) ಸೊನ್ನೆ, ಎಂದು ಫಲಕ ಹಾಕುತ್ತಿದ್ದರಂತೆ. ಯಾವನೋ ರೈಲ್ವೆ ಗುಮಾಸ್ತ ಮೂಟೆಗಳ ಮೇಲೆಲ್ಲ ತನ್ನ ಹೆಸರಿನ ಮೊದಲಕ್ಷರ ಗೀಚುತ್ತಿದ್ದನಂತೆ. ಎಲ್ಲದರ ಬಾಲಕ್ಕೂ ಒಂದು ‘ಅಂತೆ’ ಕಟ್ಟಿರುತ್ತದೆ. ಆದರೆ ಈ ಪದದ ಮಟ್ಟಿಗೆ ಅಂತೆಕಂತೆಯ ಅಗತ್ಯವೇ ಇಲ್ಲ. ಅಚ್ಚಾದ ಪತ್ರಿಕೆ ಯಾವುದು, ತಾರೀಕು ಯಾವುದು, ಸಂಪಾದಕ ಯಾರು, ಯಾವ ಕಿತ್ತಾಟದ ನಡುವೆ ಬಂತು ಎಲ್ಲವೂ ಸಿಕ್ಕಿದೆ. ಹಳೆಯ ಪತ್ರಿಕೆಗಳ ಗೀಳು ಇರುವವರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ನೇರವಾಗಿ ಹೇಳಿ, ಮೊದಲು ಅಚ್ಚಾದದ್ದು ಯಾವಾಗ?

1839ರ ಮಾರ್ಚ್ 23ರಂದು, ಅಮೆರಿಕದ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ. ಸಂಪಾದಕ ಚಾರ್ಲ್ಸ್ ಗಾರ್ಡನ್ ಗ್ರೀನ್. ಇದಕ್ಕಿಂತ ಹಳೆಯದು ಎಂದು ಮುಂದಿಟ್ಟ ಯಾವ ಪುರಾವೆಯೂ ಪರೀಕ್ಷೆಯಲ್ಲಿ ನಿಂತಿಲ್ಲ.

ಅಂದು ಏನು ಸುದ್ದಿ ಬಂದಿತ್ತು?

ಸುದ್ದಿ ಅನ್ನುವುದಕ್ಕಿಂತ ಕೀಟಲೆ ಅನ್ನಬೇಕು. ಬಾಸ್ಟನ್ನಿನಲ್ಲಿ ಊಟದ ಗಂಟೆ ಬಾರಿಸಬಾರದು ಎಂದು ಒಂದು ನಿಯಮ ಬಂದಿತ್ತು. ಅದನ್ನು ತೆಗೆಸಬೇಕು ಎಂದು 1838ರಲ್ಲಿ ಕೆಲವರು ಸೇರಿ ಒಂದು ಸಂಘ ಕಟ್ಟಿದರು. ಅದಕ್ಕೆ ಇಟ್ಟ ಹೆಸರು ‘ಗಂಟೆ ಬಾರಿಸುವುದರ ವಿರೋಧಿ ಸಂಘ’! ಉದ್ದೇಶ ಒಂದು ಕಡೆಗೆ, ಹೆಸರು ಇನ್ನೊಂದು ಕಡೆಗೆ. ಸಮಿತಿ, ಅಧ್ಯಕ್ಷರು, ನಿಯೋಗ ಎಲ್ಲ ಗಂಭೀರವಾಗಿಯೇ ಇತ್ತು. ಒಳಗಿದ್ದದ್ದು ಮಾತ್ರ ತಮಾಷೆ.

ಈ ಸಂಘದ ನಿಯೋಗ ‘ರಿಚ್ಮಂಡ್’ ಎಂಬ ಹಡಗಿನಲ್ಲಿ ನ್ಯೂಯಾರ್ಕಿಗೆ ಹೊರಟಿದೆ ಎಂದು ಗ್ರೀನ್ ತನ್ನ ಪತ್ರಿಕೆಯಲ್ಲಿ ಬರೆದ. ಪಕ್ಕದ ಊರಿನ ‘ಪ್ರಾವಿಡೆನ್ಸ್ ಜರ್ನಲ್’ ಅದನ್ನು ಎತ್ತಿಕೊಂಡು, ನಿಯೋಗ ತಮ್ಮ ಊರಿನ ಮೇಲೆ ಹಾದುಹೋಗುತ್ತದೆ ಎಂಬಂತೆ ಬರೆಯಿತು. ಗ್ರೀನ್ ಬಿಡುತ್ತಾನೆಯೇ? ಪ್ರಾವಿಡೆನ್ಸ್ ಮೂಲಕ ಅಂತ ನಾವು ಒಂದು ಮಾತೂ ಹೇಳಿಲ್ಲ, ಆ ಸಂಪಾದಕರಿಗೆ ಸ್ವಲ್ಪ ಆತುರ ಜಾಸ್ತಿ ಎಂದು ಮರುದಾಳಿ ಮಾಡಿದ. ಜೊತೆಗೆ ಇಷ್ಟು ಸೇರಿಸಿದ: ನಿಯೋಗದಲ್ಲಿರುವ ಒಬ್ಬ ಅಧ್ಯಕ್ಷರೇನಾದರೂ ವಾಪಸ್ ಬರುವಾಗ ಪ್ರಾವಿಡೆನ್ಸ್ ದಾರಿ ಹಿಡಿದರೆ, ಜರ್ನಲ್‌ನವರು ಕಾಣಿಕೆ ಡಬ್ಬಿ ಮುಂತಾದದ್ದನ್ನೆಲ್ಲ ‘ಓ.ಕೆ. — ಎಲ್ಲ ಸರಿಯಾಗಿ —’ ಒದಗಿಸಿ, ಬಾಟಲಿಯ ಬಿರಡೆಗಳನ್ನು ಕಿಡಿಗಳ ಹಾಗೆ ಮೇಲಕ್ಕೆ ಹಾರಿಸಿಯಾರು. ಅಂದರೆ ಪಾರ್ಟಿ ಖರ್ಚು ನಿಮ್ಮದು ಎಂದು ಎದುರಾಳಿ ಸಂಪಾದಕನ ತಲೆಗೆ ಕಟ್ಟಿದ. ಕಿಡಿಗಳು ಮೇಲಕ್ಕೆ ಹಾರುವ ಮಾತು ಬೈಬಲಿನ ಯೋಬನ ಗ್ರಂಥದ್ದು. ಅಲ್ಲಿ ಅದು ಮನುಷ್ಯನ ಕಷ್ಟದ ವಿಚಾರ. ಇಲ್ಲಿ ಶಾಂಪೇನಿಗೆ ಬಂತು.

ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯಲ್ಲಿರುವ ಪದಗಳಲ್ಲಿ ಒಂದು ಹೊರಬಿದ್ದದ್ದು ಇಬ್ಬರು ಸಂಪಾದಕರ ಈ ಕಾಲೆಳೆದಾಟದಲ್ಲಿ.

‘ಓ.ಕೆ.’ಗೂ ‘ಎಲ್ಲ ಸರಿ’ಗೂ ಏನು ಸಂಬಂಧ?

ಇಂಗ್ಲಿಷಿನ ‘ಆಲ್ ಕರೆಕ್ಟ್’ ಮೊದಲಕ್ಷರಗಳು ಎ ಮತ್ತು ಸಿ. ಬೇಕೆಂದೇ ಅದನ್ನು ತಪ್ಪು ಕಾಗುಣಿತದಲ್ಲಿ ‘ಓಲ್ ಕೊರೆಕ್ಟ್’ ಎಂದು, ಓ ಮತ್ತು ಕೆ ಅಕ್ಷರಗಳಿಂದ ಬರೆದರೆ ‘ಓ.ಕೆ.’ ಆಗುತ್ತದೆ. ಎಲ್ಲ ಸರಿ ಇದೆ ಅನ್ನುವ ಮಾತಿನಲ್ಲಿ ಎರಡು ಅಕ್ಷರವೂ ತಪ್ಪು. ಜೋಕು ಅಷ್ಟೇ.

ಈಗ ನಗು ಬರದಿದ್ದರೆ ಆಶ್ಚರ್ಯವಿಲ್ಲ. ಆದರೆ 1838ರ ಬೇಸಿಗೆಯಿಂದ ಬಾಸ್ಟನ್ ಪತ್ರಿಕೆಗಳಿಗೆ ಇಂಥ ಮೊದಲಕ್ಷರಗಳ ಹುಚ್ಚು ಹಿಡಿದಿತ್ತು. ‘ನಮ್ಮ ಊರಿನ ಗಣ್ಯರು’ ಅನ್ನುವುದಕ್ಕೆ ‘ಓ.ಎಫ್.ಎಂ.’, ಸಾಲ ತೀರಿಸದೆ ಊರು ಬಿಟ್ಟವನು ‘ಟೆಕ್ಸಾಸಿಗೆ ಹೋದ’ ಅನ್ನುವುದಕ್ಕೆ ‘ಜಿ.ಟಿ.’, ಲೆಕ್ಕಕ್ಕಿಲ್ಲದವರಿಗೆ ‘ಎಸ್.ಪಿ.’, ಅಂದರೆ ‘ಸಣ್ಣ ಆಲೂಗಡ್ಡೆ’. ಮುಂದಿನ ಹಂತದಲ್ಲಿ ಕಾಗುಣಿತವನ್ನೂ ಕೆಡಿಸಿದರು. ‘ಆಲ್ ರೈಟ್’ ಅನ್ನುವುದು ‘ಓ.ಡಬ್ಲ್ಯು.’ ಆಯಿತು, ‘ನೋ ಯೂಸ್’ ಅನ್ನುವುದು ‘ಕೆ.ವೈ.’ ಆಯಿತು. ಓಕೆ ಈ ಗುಂಪಿನಲ್ಲಿ ಒಂದು, ಅಷ್ಟೇ. ಕಾಲೇಜು ಹುಡುಗರ ಮೆಸೇಜ್ ನೋಡಿ ಭಾಷೆ ಹಾಳಾಯಿತು ಎಂದು ತಲೆ ಚಚ್ಚಿಕೊಳ್ಳುವವರು 1839ರ ಆ ಹಾಳೆಗಳನ್ನು ಒಮ್ಮೆ ನೋಡಬೇಕು.

ಒಂದು ಊರಿನ ಪತ್ರಿಕೆಯ ಜೋಕು ಉಳಿದ ಊರುಗಳಿಗೆ ಹೇಗೆ ಹೋಯಿತು? ಆಗ ಟೆಲಿಗ್ರಾಫ್ ಕೂಡ ಇರಲಿಲ್ಲವಲ್ಲ?

ಇರಲಿಲ್ಲ. ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಮೋರ್ಸ್‌ನ ತಂತಿ ಸಂದೇಶ ಹೋದದ್ದು 1844ರಲ್ಲಿ. ಅದಕ್ಕೂ ಮೊದಲು ಕೆಲಸ ಮಾಡಿದ್ದು ಅಂಚೆ ಮತ್ತು ಕತ್ತರಿ. 1792ರ ಅಂಚೆ ಕಾಯಿದೆಯ ಪ್ರಕಾರ ಅಮೆರಿಕದ ಪತ್ರಿಕೆಯವರು ತಮ್ಮ ತಮ್ಮಲ್ಲಿ ಪ್ರತಿಗಳನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸಿಕೊಳ್ಳಬಹುದಿತ್ತು. ಪ್ರತಿ ಸಂಪಾದಕನ ಮೇಜಿನ ಮೇಲೂ ಬೇರೆ ಊರಿನ ಪತ್ರಿಕೆಗಳ ರಾಶಿ. ಬೇಕಾದದ್ದನ್ನು ಕತ್ತರಿಸಿ ಹಾಕಿಕೊಳ್ಳುವುದು, ಕೆಳಗೆ ಎರಡು ಸಾಲು ಚುಚ್ಚುಮಾತು ಸೇರಿಸುವುದು ದಿನನಿತ್ಯದ ಕೆಲಸ. ಗ್ರೀನ್‌ನ ಬರಹವೂ ಪ್ರಾವಿಡೆನ್ಸ್ ಪತ್ರಿಕೆಯ ತುಣುಕನ್ನು ಮೇಲೆ ಅಚ್ಚು ಹಾಕಿ, ಅದರ ಕೆಳಗೆ ಬರೆದ ಉತ್ತರವೇ. ಓಕೆ ಹುಟ್ಟಿದ ಜಾಗವೇ ಒಂದು ಕತ್ತರಿ-ಅಂಟು ಅನ್ನಬಹುದು.

1830ರ ದಶಕದಲ್ಲಿ ಒಂದು ಸೆಂಟಿಗೆ ಮಾರುವ ಪತ್ರಿಕೆಗಳೂ ಶುರುವಾಗಿದ್ದವು: 1833ರಲ್ಲಿ ‘ನ್ಯೂಯಾರ್ಕ್ ಸನ್’, 1835ರಲ್ಲಿ ‘ಹೆರಾಲ್ಡ್’. ಜನಸಾಮಾನ್ಯರನ್ನು ಹಿಡಿದಿಡಲು ತಮಾಷೆ ಬೇಕಿತ್ತು.

ಓದುಗರಿಗೆ ಅರ್ಥವಾಗುತ್ತಿತ್ತೇ?

ಇದು ಒಳ್ಳೆಯ ಪ್ರಶ್ನೆ. ಹಳೆಯ ಪತ್ರಿಕೆಯಲ್ಲಿ ಒಂದು ಪದವನ್ನು ಹುಡುಕುವವರು ಪದಕ್ಕಿಂತ ಅದರ ಅಕ್ಕಪಕ್ಕ ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ. 1839ರ ಮಾರ್ಚ್‌ನಲ್ಲಿ ಗ್ರೀನ್ ಪದವನ್ನು ಬರೆದು ಸುಮ್ಮನಾಗಲಿಲ್ಲ. ಎರಡು ಅಡ್ಡಗೆರೆಗಳ ನಡುವೆ ಅರ್ಥವನ್ನೂ ಇಟ್ಟ. ಹೊಸ ಪದಕ್ಕೆ ಮಾತ್ರ ಹೀಗೆ ಊರುಗೋಲು ಕೊಡುತ್ತಾರೆ.

ಅದೇ ವರ್ಷ ಅಕ್ಟೋಬರ್ 11ರ ‘ಬಾಸ್ಟನ್ ಈವನಿಂಗ್ ಟ್ರಾನ್ಸ್‌ಕ್ರಿಪ್ಟ್’ ನೋಡಿ. ಫಿಲಡೆಲ್ಫಿಯಾದ ಬ್ಯಾಂಕುಗಳು ಆಗಷ್ಟೇ ನೋಟಿಗೆ ಬದಲಾಗಿ ಚಿನ್ನ-ಬೆಳ್ಳಿಯ ನಾಣ್ಯ ಕೊಡುವುದನ್ನು ನಿಲ್ಲಿಸಿದ್ದವು, ರೋಡ್ ಐಲೆಂಡ್‌ನಲ್ಲೂ ಅದೇ ಕಥೆ. ನಮ್ಮ ಬ್ಯಾಂಕಿನ ನಿರ್ದೇಶಕರು ಈ ಬಗ್ಗೆ ಸಭೆ ಕರೆಯುವ ಗೋಜಿಗೂ ಹೋಗಿಲ್ಲ, ಈ ಕಡೆ ಎಲ್ಲ ಓ.ಕೆ. ಎಂದು ಆ ಪತ್ರಿಕೆ ಬರೆಯಿತು. ವಿಷಯ ಈಗ ಗಂಟೆ, ಬಿರಡೆ ಅಲ್ಲ, ಜನರ ದುಡ್ಡು. ಆದರೂ ಕಂಸದಲ್ಲಿ ‘ಎಲ್ಲ ಸರಿ’ ಎಂಬ ವಿವರಣೆ ಉಳಿದಿದೆ. ಪದ ತಮಾಷೆಯ ಅಂಕಣದಿಂದ ವ್ಯಾಪಾರದ ಸುದ್ದಿಗೆ ಕಾಲಿಟ್ಟಿದೆ, ಆದರೆ ಒಬ್ಬಂಟಿಯಾಗಿ ಓಡಾಡುವ ಧೈರ್ಯ ಇನ್ನೂ ಬಂದಿಲ್ಲ.

ಆ ವಿವರಣೆ ಯಾವಾಗ ಉದುರಿತು, ಉದ್ಧರಣ ಚಿಹ್ನೆ ಯಾವಾಗ ಹೋಯಿತು, ಜೋಕಿನ ಧಾಟಿ ಯಾವಾಗ ಮರೆಯಾಯಿತು ಎಂದು ಹಿಂಬಾಲಿಸಿದರೆ ಪದದ ಬೆಳವಣಿಗೆ ತಾನಾಗಿ ಕಾಣುತ್ತದೆ. ಮೊದಲ ತಾರೀಕು ಕಂಡುಹಿಡಿದ ಮಾತ್ರಕ್ಕೆ ಇದು ಸಿಗುವುದಿಲ್ಲ.

‘ಓ.ಡಬ್ಲ್ಯು.’, ‘ಕೆ.ವೈ.’ ಎಲ್ಲ ಸತ್ತವು. ಓಕೆ ಒಂದೇ ಬದುಕಿದ್ದು ಹೇಗೆ?

ಚುನಾವಣೆ ಬದುಕಿಸಿತು. 1840ರಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಮರು ಆಯ್ಕೆ ಬಯಸಿ ನಿಂತಿದ್ದ. ಅವನ ಹುಟ್ಟೂರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ಹಾಗಾಗಿ ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರು, ಅದರ ಮೊದಲಕ್ಷರ ಮತ್ತೆ ಓ.ಕೆ.! ಆ ಮಾರ್ಚ್‌ನಲ್ಲಿ ಅವನ ಪಕ್ಷದವರಾದ ನ್ಯೂಯಾರ್ಕಿನ ಡೆಮಾಕ್ರಾಟರು ‘ಓ.ಕೆ. ಕ್ಲಬ್’ ಕಟ್ಟಿದರು. ಇದೇನು ಶಾಂತವಾಗಿ ಕೂತು ಚರ್ಚಿಸುವ ಕ್ಲಬ್ ಅಲ್ಲ. ಮಾರ್ಚ್ 27ರಂದು ಎದುರು ಪಕ್ಷ ವಿಗ್‌ಗಳು ಮೇಸಾನಿಕ್ ಹಾಲ್‌ನಲ್ಲಿ ಸಭೆ ಸೇರಿದಾಗ, ಇವರು ಓ.ಕೆ. ಎಂದು ಕೂಗುತ್ತ ಒಳನುಗ್ಗಿ ಗಲಾಟೆ ಮಾಡಿದರು. ಮರುದಿನದ ಪತ್ರಿಕೆಗಳಿಗೆ ಹಬ್ಬ.

ಮೇ 27ರ ‘ನ್ಯೂ ಎರಾ’ ಎಂಬ ಡೆಮಾಕ್ರಾಟ್ ಪತ್ರಿಕೆ ಒಂದು ಚಿನ್ನದ ಪಿನ್ ಬಗ್ಗೆ ಬರೆಯಿತು. ಎದೆಗೆ ಸಿಕ್ಕಿಸಿಕೊಳ್ಳುವ ಆ ಪಿನ್ ಮೇಲೆ ವಿಗ್‌ಗಳನ್ನು ಹೆದರಿಸುವ ಆ ಎರಡು ಅಕ್ಷರಗಳಿದ್ದವು. ಅವು ವ್ಯಾನ್ ಬ್ಯೂರನ್ ಹುಟ್ಟೂರನ್ನೂ ಸೂಚಿಸುತ್ತವೆ, ‘ಎಲ್ಲ ಸರಿ’ ಅನ್ನುವುದನ್ನೂ ಸೂಚಿಸುತ್ತವೆ ಎಂದು ಪತ್ರಿಕೆಯೇ ಬಿಡಿಸಿ ಹೇಳಿತು. ಎರಡು ಅರ್ಥಗಳು ಒಂದೇ ಪಿನ್ನಿನಲ್ಲಿ ಕೂತ ಕ್ಷಣ ಇದು. ಹಳೆಯ ಅರ್ಥವನ್ನು ಕ್ಲಬ್ಬಿನವರು ಅಳಿಸಲಿಲ್ಲ, ಅದರ ಮೇಲೆ ಸವಾರಿ ಮಾಡಿದರು.

ವಿಗ್ ಪತ್ರಿಕೆಗಳು ಸುಮ್ಮನಿರಲಿಲ್ಲ. ಓ.ಕೆ. ಅಂದರೆ ‘ಔಟ್ ಆಫ್ ಕ್ಯಾಶ್’, ‘ಔಟ್ ಆಫ್ ಕ್ರೆಡಿಟ್’, ‘ಆಫುಲ್ ಕಲಾಮಿಟಿ’ ಎಂದು ತಮ್ಮದೇ ತಪ್ಪು ಕಾಗುಣಿತದಲ್ಲಿ ತಿರುಗಿಸಿ ಹೊಡೆದವು. ಆರ್ಥಿಕ ಕುಸಿತದಲ್ಲಿ ಬೆಂದಿದ್ದ ಜನರಿಗೆ ಅದು ನಾಟಿತು ಕೂಡ. ಫಲಿತಾಂಶ: ವಿಗ್ ಅಭ್ಯರ್ಥಿ ವಿಲಿಯಂ ಹೆನ್ರಿ ಹ್ಯಾರಿಸನ್‌ಗೆ 234 ಎಲೆಕ್ಟೋರಲ್ ಮತ, ವ್ಯಾನ್ ಬ್ಯೂರನ್‌ಗೆ 60. ಓಲ್ಡ್ ಕಿಂಡರ್‌ಹುಕ್ ಮನೆಗೆ ಹೋದ. ಆದರೆ ಹೊಗಳುವವರೂ ತೆಗಳುವವರೂ ತಿಂಗಳುಗಟ್ಟಲೆ ದಿನಾ ಅಚ್ಚು ಹಾಕಿದ ಪದ ದೇಶದ ತುಂಬ ಹರಡಿ ಆಗಿತ್ತು. ಬಾಸ್ಟನ್ನಿನ ಹುಡುಗಾಟವೊಂದೇ ಆಗಿದ್ದರೆ ಓಕೆ ಕೂಡ ‘ಕೆ.ವೈ.’ ಹೋದ ದಾರಿಯಲ್ಲೇ ಹೋಗುತ್ತಿತ್ತು ಎಂಬುದು ನನ್ನ ಅಂದಾಜು.

ಅಧ್ಯಕ್ಷ ಆ್ಯಂಡ್ರೂ ಜಾಕ್ಸನ್‌ಗೆ ಕಾಗುಣಿತ ಬರುತ್ತಿರಲಿಲ್ಲ, ಅವನೇ ಓಕೆ ಶುರು ಮಾಡಿದ ಅಂತಾರಲ್ಲ?

ಇದೂ 1840ರ ಪತ್ರಿಕೆಗಳದ್ದೇ ಕಿತಾಪತಿ. ವ್ಯಾನ್ ಬ್ಯೂರನ್‌ನನ್ನು ಬೆಳೆಸಿದ್ದು ಜಾಕ್ಸನ್. ಶಿಷ್ಯನನ್ನು ಬಡಿಯಲು ಗುರುವನ್ನು ಹಳ್ಳಿಗುಗ್ಗು ಮಾಡುವುದು ಸುಲಭದ ಉಪಾಯ. ‘ಈ ಕಾಗದಪತ್ರ ಸರಿ ಇವೆ ಆಮೋಸ್, ಓ.ಕೆ. ಅಂತ ಗುರುತು ಹಾಕಿದ್ದೇನೆ’ ಎಂದು ಜಾಕ್ಸನ್ ತನ್ನ ಆಪ್ತ ಆಮೋಸ್ ಕೆಂಡಾಲ್‌ಗೆ ಹೇಳಿದನಂತೆ, ಜನರಲ್ ಸಾಹೇಬರಿಗೆ ಕಾಗುಣಿತ ಅಷ್ಟಕ್ಕಷ್ಟೆಯಂತೆ. ರಾಜಕೀಯ ಗೇಲಿ ಎಂಬುದು ಆಗಿನ ಓದುಗರಿಗೆ ಗೊತ್ತಿತ್ತು. ಐವತ್ತು ವರ್ಷ ಕಳೆದ ಮೇಲೆ ಗೇಲಿ ಉದುರಿ, ‘ಇತಿಹಾಸ’ ಉಳಿಯಿತು.

ಪತ್ರಿಕೆಯಲ್ಲಿ ಅಚ್ಚಾಗಿದೆ ಅನ್ನುವುದು ಪದ ಆ ದಿನ ಇತ್ತು ಅನ್ನುವುದಕ್ಕೆ ಸಾಕ್ಷಿ. ಪತ್ರಿಕೆ ಹೇಳಿದ ಹುಟ್ಟಿನ ಕಥೆ ನಿಜ ಅನ್ನುವುದಕ್ಕೆ ಅಲ್ಲ. ಇವೆರಡನ್ನೂ ಕಲಸುಮೇಲೋಗರ ಮಾಡಿಕೊಂಡೇ ಅರ್ಧ ಪುರಾಣ ಹುಟ್ಟಿರುವುದು.

ಇದನ್ನೆಲ್ಲ ಪತ್ತೆ ಹಚ್ಚಿದ್ದು ಯಾರು?

ಆಲನ್ ವಾಕರ್ ರೀಡ್, ಕೊಲಂಬಿಯಾ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕರು. 1941ರಲ್ಲಿ ಅವರು ಓ.ಕೆ. ಕ್ಲಬ್ಬಿನ ಪುರಾವೆಯನ್ನು ಹೊರತಂದಾಗ ಕಥೆ 1840ಕ್ಕೆ ನಿಂತಿತ್ತು. ಅಲ್ಲಿಗೇ ಬಿಡದೆ ಹಿಂದಕ್ಕೆ ಹಿಂದಕ್ಕೆ ಹುಡುಕುತ್ತ ಹೋಗಿ, 1963–64ರಲ್ಲಿ ‘ಅಮೆರಿಕನ್ ಸ್ಪೀಚ್’ ಎಂಬ ವಿದ್ವತ್ ಪತ್ರಿಕೆಯ ಲೇಖನ ಸರಣಿಯಲ್ಲಿ 1839ರ ಬಾಸ್ಟನ್ ತುಣುಕನ್ನೂ ಮೊದಲಕ್ಷರಗಳ ಹುಚ್ಚನ್ನೂ ಒಟ್ಟಿಗೆ ಮುಂದಿಟ್ಟರು. ಆಗ ಕೀವರ್ಡ್ ಹುಡುಕಾಟ ಇರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಪುಟ ತಿರುಗಿಸಿ ಮಾಡಿದ ಕೆಲಸ. ಅವರು 2002ರಲ್ಲಿ ತೀರಿಕೊಂಡರು. ಆಮೇಲೆ ಕೋಟಿಗಟ್ಟಲೆ ಪುಟ ಡಿಜಿಟಲ್ ಆದರೂ ಅವರ ತಾರೀಕು ಅಲುಗಾಡಿಲ್ಲ.

1790ರ ಕೋರ್ಟ್ ದಾಖಲೆಯಲ್ಲಿ ಓಕೆ ಇದೆ ಎಂದು ಓದಿದ್ದೇನೆ.

ಟೆನ್ನೆಸಿಯ ಸಮ್ನರ್ ಕೌಂಟಿಯ ದಾಖಲೆ ಅದು. ವಕೀಲ ಆ್ಯಂಡ್ರೂ ಜಾಕ್ಸನ್ ಒಂದು ಕ್ರಯಪತ್ರವನ್ನು ರುಜುವಾತು ಮಾಡಿದ್ದು, ಮುಂದೆ ‘ಓ.ಕೆ.’ ಎಂಬಂತೆ ಕಾಣುವ ಬರಹ. ಅದು ‘ಓ.ಆರ್.’, ಅಂದರೆ ‘ದಾಖಲಿಸಲು ಆದೇಶಿಸಿದೆ’ ಎಂಬುದರ ಸಂಕ್ಷೇಪ. ಅವಸರದ ಕೈಬರಹದಲ್ಲಿ ಆರ್ ಅಕ್ಷರದ ಹೊಟ್ಟೆ ಸರಿಯಾಗಿ ಮುಚ್ಚದಿದ್ದರೆ ಕೆ ಆಗಿ ಕಾಣುತ್ತದೆ. ನಮ್ಮಲ್ಲಿ ಹಳೆಯ ಪಹಣಿ ಓದಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

1815ರ ಪ್ರಯಾಣಿಕನೊಬ್ಬನ ದಿನಚರಿಯದ್ದೂ ಹೆಚ್ಚುಕಡಿಮೆ ಇದೇ ಹಣೆಬರಹ. ಅಲ್ಲಿ ಸಾಲು ತಿದ್ದಿದ ಗೀಚಾಟದ ನಡುವೆ ಆ ಎರಡಕ್ಷರ ಇವೆ, ವಾಕ್ಯದಲ್ಲಿ ಅವಕ್ಕೆ ಕೆಲಸವೇ ಇಲ್ಲ.

ಅಮೆರಿಕದ ಮೂಲನಿವಾಸಿ ಚಾಕ್ಟಾ ಬುಡಕಟ್ಟಿನ ಭಾಷೆ, ಆಫ್ರಿಕಾದ ವೊಲೊಫ್, ಗ್ರೀಕ್ ಇವುಗಳಿಂದ ಬಂದಿರಬಹುದಲ್ಲವೇ?

ಹೋಲುವ ಸದ್ದುಗಳು ಇವೆ. ಗ್ರೀಕಿನ ‘ಓಲಾ ಕಲಾ’ ಅಂದರೆ ಎಲ್ಲ ಚೆನ್ನಾಗಿದೆ. ಮೊದಲಕ್ಷರವೂ ಸರಿ, ಅರ್ಥವೂ ಸರಿ. ಆದರೆ ಬಾಸ್ಟನ್ನಿಗೆ ಅದು ಬಂದ ದಾರಿ ತೋರಿಸುವ ಕಾಗದ ಇಲ್ಲ. ಚಾಕ್ಟಾ ವಾದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಲ ಪಡೆಯಿತು. ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ನಂಬಿ ಕಡತಗಳ ಮೇಲೆ ‘ಓಕೆಹ್’ ಎಂದೇ ಬರೆಯುತ್ತಿದ್ದರು. ವೊಲೊಫ್ ಭಾಷೆಯ ‘ವಾವ್ ಕೇ’ ವಾದವನ್ನು ಭಾಷಾವಿಜ್ಞಾನಿ ಡೇವಿಡ್ ಡಾಲ್ಬಿ 1969ರಲ್ಲಿ ಮುಂದಿಟ್ಟರು. ಗುಲಾಮರ ಮಾತುಗಳನ್ನು ಪತ್ರಿಕೆಗಳು ಅಚ್ಚು ಹಾಕುತ್ತಿದ್ದದ್ದೇ ಅಪರೂಪವಾದ್ದರಿಂದ ಅದನ್ನು ಒಂದೇ ಏಟಿಗೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ 1839ರ ತುಣುಕಿನಲ್ಲಿ ಪದದ ಪಕ್ಕದಲ್ಲೇ ಅದರ ಬಿಡಿಸಿದ ರೂಪ ಇದೆ. ಅದನ್ನು ಮೀರಿಸುವ ಸಾಕ್ಷಿ ಇನ್ನೊಂದು ಕಡೆ ಇಲ್ಲ.

‘ಓ.ಕೆ. ಕೊರಾಲ್’ ಎಂಬ ಕುದುರೆ ಲಾಯದ ಹೆಸರಿನಲ್ಲಿ ಪ್ರಸಿದ್ಧವಾದ ಗುಂಡಿನ ಕಾಳಗದಿಂದ ಈ ಪದ ಬಂತೇ?

1881ರ ಅಕ್ಟೋಬರ್ 26, ಅರಿಜೋನಾದ ಟೂಂಬ್‌ಸ್ಟೋನ್. ಪದಕ್ಕೆ ಆಗಲೇ ನಲವತ್ತೆರಡು ವರ್ಷ, ಕುದುರೆ ಲಾಯದ ಹೆಸರಾಗುವಷ್ಟು ಮಾಮೂಲಾಗಿತ್ತು. ಕಾಳಗ ನಡೆದದ್ದು ಲಾಯದೊಳಗಲ್ಲ, ಹತ್ತಿರದ ಫೋಟೋ ಸ್ಟುಡಿಯೋ ಪಕ್ಕದ ಕಿರುಜಾಗದಲ್ಲಿ. ಮರುದಿನದ ‘ಟೂಂಬ್‌ಸ್ಟೋನ್ ಎಪಿಟಾಫ್’ ತಲೆಬರಹ ‘ನಿನ್ನೆಯ ದುರಂತ’.

ಪತ್ರಿಕೆಗಳಲ್ಲಿ ಕಾಗುಣಿತ ಯಾಕೆ ಬೇರೆ ಬೇರೆ?

ಮೊದಲು ಚುಕ್ಕಿ ಇರುವ ಸಣ್ಣಕ್ಷರ, ಆಮೇಲೆ ಚುಕ್ಕಿ ಇರುವ ದೊಡ್ಡಕ್ಷರ, ಆಮೇಲೆ ಚುಕ್ಕಿ ಬಿಟ್ಟ ದೊಡ್ಡಕ್ಷರ. ಉಚ್ಚಾರಣೆ ನೋಡಿ ಪೂರ್ತಿ ಬರೆಯುವ ನಾಲ್ಕಕ್ಷರದ ರೂಪ ತಡವಾಗಿ ಬಂತು. ಅಸೋಸಿಯೇಟೆಡ್ ಪ್ರೆಸ್‌ನ ಶೈಲಿ ಕೈಪಿಡಿಗೆ ಎರಡಕ್ಷರದ್ದೇ ಸರಿ. ‘ನ್ಯೂಯಾರ್ಕ್ ಟೈಮ್ಸ್’ ಬಹುಕಾಲ ಚುಕ್ಕಿ ಬಿಡಲಿಲ್ಲ.

ಕನ್ನಡ ಪತ್ರಿಕೆಗಳ ಕಾಲಕ್ಕೂ ಇದಕ್ಕೂ ಲೆಕ್ಕ ಹೇಗೆ?

ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರು ಸಮಾಚಾರ’ ಹೊರತಂದದ್ದು 1843ರ ಜುಲೈ 1ರಂದು. ಕಲ್ಲಚ್ಚಿನಲ್ಲಿ ಮೊದಲ ಕನ್ನಡ ಪತ್ರಿಕೆ ಬರುವ ಹೊತ್ತಿಗೆ ಅಮೆರಿಕದ ಪತ್ರಿಕೆಗಳಲ್ಲಿ ಓಕೆ ನಾಲ್ಕು ವರ್ಷದ ಕೂಸು. ಎರಡಕ್ಕೂ ನೇರ ನಂಟೇನಿಲ್ಲ. ನಂಟು ಬಂದದ್ದು ಬಹಳ ಈಚೆಗೆ, ಅದೂ ಬರಹಕ್ಕಿಂತ ಕಚೇರಿಯ ಮಾತಿನಲ್ಲಿ. ರಾತ್ರಿ ಡೆಸ್ಕಿನಲ್ಲಿ ಕೂತವರನ್ನು ಕೇಳಿ: ‘ಮುಖಪುಟ ಓಕೆ ಆಯ್ತಾ?’, ‘ಏಳನೇ ಪೇಜ್ ಇನ್ನೂ ಓಕೆ ಮಾಡಿಲ್ಲ ಸಾರ್.’ ಪ್ರೂಫ್ ಮೇಲೆ ಆ ಗುರುತು ಬೀಳದೆ ಪುಟ ಮುದ್ರಣಕ್ಕೆ ಇಳಿಯುವುದಿಲ್ಲ. ಅದೇ ಪುಟದ ವರದಿಯಲ್ಲಿ ಮಾತ್ರ ಸಚಿವರು ‘ಸಮ್ಮತಿಸಿದರು’, ‘ಹಸಿರು ನಿಶಾನೆ ತೋರಿದರು’. ಓಕೆ ಅಂದರು ಎಂದು ಬರೆಯುವುದು ಸಿನಿಮಾ ಪುರವಣಿಯವರು.

ನಾನೇ ಹಳೆಯ ಪತ್ರಿಕೆಯಲ್ಲಿ ಹುಡುಕಬೇಕು. ಎಲ್ಲಿ, ಹೇಗೆ?

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’, ಆಸ್ಟ್ರೇಲಿಯಾದ ‘ಟ್ರೋವ್’, ನ್ಯೂಜಿಲೆಂಡಿನ ‘ಪೇಪರ್ಸ್ ಪಾಸ್ಟ್’ ಮೂರೂ ಉಚಿತ. ಬ್ರಿಟಿಷ್ ಪತ್ರಿಕೆಗಳ ಸಂಗ್ರಹಕ್ಕೆ ಸಾಮಾನ್ಯವಾಗಿ ಚಂದಾ ಕೊಡಬೇಕು.

ಬರೀ ಎರಡಕ್ಷರ ಹಾಕಿ ಹುಡುಕಿದರೆ ಕಸದ ರಾಶಿ ಬೀಳುತ್ತದೆ. ಮನುಷ್ಯರ ಹೆಸರಿನ ಇನಿಷಿಯಲ್, ಷೇರು ಪಟ್ಟಿ, ಮಾಸಿದ ಅಚ್ಚನ್ನು ಯಂತ್ರ ತಪ್ಪಾಗಿ ಓದಿದ್ದು ಎಲ್ಲ ಬರುತ್ತದೆ. ಜೊತೆಗೆ ‘ಆಲ್ ಕರೆಕ್ಟ್’ ಎಂಬ ಪದಗಳನ್ನೂ ಸೇರಿಸಿ, ವರ್ಷದ ಮಿತಿ ಹಾಕಿ. ಸಿಕ್ಕಿದ ಮೇಲೆ ಯಂತ್ರ ಓದಿದ ಪಠ್ಯ ನಂಬಬೇಡಿ, ಪುಟದ ಚಿತ್ರ ತೆರೆದು ಕಣ್ಣಾರೆ ನೋಡಿ. ಪತ್ರಿಕೆಯ ತಲೆಪಟ್ಟಿಯಲ್ಲಿರುವ ತಾರೀಕು ಪಟ್ಟಿಯಲ್ಲಿರುವ ತಾರೀಕಿಗೆ ಹೊಂದುತ್ತದೆಯೇ ಎಂದು ತಾಳೆ ಹಾಕಿ. ತುಣುಕು ಬೇರೆ ಪತ್ರಿಕೆಯಿಂದ ಕತ್ತರಿಸಿದ್ದಾದರೆ ಮೂಲ ಇನ್ನೂ ಕೆಲವು ದಿನ ಹಿಂದೆ ಇರುತ್ತದೆ, ಬೆನ್ನು ಹತ್ತಿ. 1839ಕ್ಕಿಂತ ಹಿಂದಿನದು ಸಿಕ್ಕಿತು ಅನ್ನಿಸಿದರೆ ಕುಣಿದಾಡುವ ಮೊದಲು ಮೇಲಿನ ‘ಓ.ಆರ್.’ ಕಥೆ ಇನ್ನೊಮ್ಮೆ ಓದಿ.

‘ಎ-ಓಕೆ’ ಕೂಡ ಪತ್ರಿಕೆಯವರದ್ದೇ?

ಇದರಲ್ಲಿ ಬಾಹ್ಯಾಕಾಶದವರ ಪಾಲಿದೆ. 1961ರ ಮೇ 5ರಂದು ಆಲನ್ ಶೆಪರ್ಡ್ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಆದರು. ಹದಿನೈದು ನಿಮಿಷದ ಹಾರಾಟ. ನೆಲದ ಮೇಲಿದ್ದ ಪ್ರಚಾರಾಧಿಕಾರಿ ಜಾನ್ ‘ಶಾರ್ಟಿ’ ಪವರ್ಸ್ ಎಲ್ಲ ‘ಎ-ಓಕೆ’ ಎಂದು ವರದಿ ಕೊಟ್ಟರು. ಶೆಪರ್ಡ್ ಬಾಯಿಂದಲೇ ಬಂತು ಅನ್ನುವ ಹಾಗೆ ಪತ್ರಿಕೆಗಳು ಅದನ್ನು ಎತ್ತಿಕೊಂಡವು. ನಾಸಾದ ಎಂಜಿನಿಯರ್‌ಗಳ ನಡುವೆ ಆ ಮಾತು ಮೊದಲೇ ಓಡಾಡುತ್ತಿತ್ತು. ಹಾರಾಟದ ಸಂಭಾಷಣೆಯ ಲಿಖಿತ ದಾಖಲೆ ಹೊರಬಂದಾಗ ನೋಡಿದರೆ, ಶೆಪರ್ಡ್ ಹೇಳಿದ್ದು ಬರೀ ಓಕೆ.